ಇದು ಪಲ್ಯದ ಸಸಿಯೋ, ಕಸವೋ? ಹೊಸದಾಗಿ ಕೈತೋಟ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಹಿತ್ತಲಲ್ಲಿ, ತಾರಸಿಯ ಕುಂಡಗಳಲ್ಲಿ, ಹೊಲದ ಒಂದು ಮೂಲೆಯಲ್ಲಿ ಕಾಯಿಪಲ್ಯ ಹಾಕಿದವರು ಮೊದಲ ತಿಂಗಳಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತೆರ. ಅವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇವೆ. ನಮ್ಮಲ್ಲಿ ಕಳೆಗೆ ಕಸ ಅಂತಲೇ ಹೇಳುವುದರಿಂದ ಇಲ್ಲಿ ಎರಡೂ ಮಾತು ಬಂದಿವೆ, ಅರ್ಥ ಒಂದೇ.

## ಮೊದಲ ಹದಿನೈದು ದಿನ

ಬೀಜ ಹಾಕಿ ಎಂಟು ದಿನ ಆತ್ರಿ. ಮಡಿ ತುಂಬ ಹಸರ ಎದ್ದೈತಿ, ಎಲ್ಲಾ ಒಂದೇ ನಮೂನಿ ಕಾಣ್ತಾವ. ಯಾವುದು ಕಸ, ಯಾವುದು ನಾ ಹಾಕಿದ್ದು?

ಮೊದಲು ಕೈ ಹಿಂದೆ ತೆಗೆದುಕೊಳ್ಳಿ, ಇವತ್ತು ಏನನ್ನೂ ಕೀಳಬೇಡಿ. ಕಸ ನೂರು ಬಗೆಯದು, ಅಷ್ಟನ್ನೂ ಗುರುತಿಸಲು ಹೊರಟರೆ ವರ್ಷ ಸಾಲದು. ನೀವು ಬಿತ್ತಿದ್ದು ಐದೋ ಆರೋ ಬಗೆ. ಆ ಐದಾರರ ಮುಖ ಕಲಿತರೆ ಉಳಿದದ್ದೆಲ್ಲ ತಾನಾಗಿ ಕಸ ಆಗುತ್ತದೆ.

ಕುಕ್ಕರಗಾಲಲ್ಲಿ ಕೂತು ಮಡಿಯನ್ನು ಓರೆಯಿಂದ ನೋಡಿ. ಒಂದೇ ದಿನ ಬಿತ್ತಿದ ಬೀಜ ಎರಡು ಮೂರು ದಿನದ ಅಂತರದಲ್ಲಿ ಏಳುತ್ತದೆ. ಎತ್ತರ ಒಂದೇ, ಎಲೆಯ ಆಕಾರ ಒಂದೇ, ಬೆರಳು ಓಡಿದ ದಾರಿಯಲ್ಲೇ ಸಾಲಾಗಿ ನಿಂತಿರುತ್ತದೆ. ಕಸಕ್ಕೆ ಸಾಲಿಲ್ಲ. ಒಂದು ಕಡೆ ಗುಂಪು, ಇನ್ನೊಂದು ಕಡೆ ಬಯಲು, ಒಂದಕ್ಕೆ ಎರಡೆಲೆ, ಪಕ್ಕದ್ದಕ್ಕೆ ಆರೆಲೆ. ಸಾಲಿನಲ್ಲಿ ಹತ್ತು ಕಡೆ ಒಂದೇ ರೂಪದ ಸಸಿ ಕಂಡು, ಸಾಲಿನ ಹೊರಗೆ ಅದು ಕಾಣದಿದ್ದರೆ ಅದೇ ನಿಮ್ಮದು. ಸಾಲಿನ ಒಳಗೂ ಹೊರಗೂ ಸಮನಾಗಿ ಕಂಡರೆ ಅದು ಬಹುಮಟ್ಟಿಗೆ ಕಸ.

ಬೀಜದೆಲೆ, ನಿಜವಾದ ಎಲೆ ಅಂತಾರಲ್ಲ, ಅದೇನು?

ಮೊಳಕೆಯ ಜೊತೆ ಮೊದಲು ಹೊರಬರುವ ಜೋಡಿ ಬೀಜದೆಲೆ. ಅದು ಬೀಜದೊಳಗೆ ಮೊದಲೇ ಮಡಚಿಕೊಂಡು ಇದ್ದದ್ದು. ಸಾಮಾನ್ಯವಾಗಿ ದಪ್ಪ, ನುಣುಪು, ಅಂಚಿನಲ್ಲಿ ಹಲ್ಲಿಲ್ಲ. ದೊಡ್ಡ ಗಿಡದ ಎಲೆಗೂ ಅದಕ್ಕೂ ಹೋಲಿಕೆಯೇ ಇರುವುದಿಲ್ಲ, ಹೊಸಬರು ಎಡವುವುದು ಇಲ್ಲಿ. ಟೊಮೆಟೊ ಎಲೆ ಸೀಳು ಸೀಳಾಗಿರುತ್ತದೆ ಎಂದು ಕಾಯುತ್ತಿರುವಾಗ ಎರಡು ಉದ್ದನೆಯ ಸಾದಾ ಎಲೆ ಬರುತ್ತವೆ, ಕಸ ಎಂದು ಕಿತ್ತುಹಾಕುತ್ತಾರೆ.

ಐದರಿಂದ ಹತ್ತು ದಿನ ಬಿಟ್ಟು ನಡುವಿನಿಂದ ಬರುವುದು ನಿಜವಾದ ಎಲೆ. ಗುರುತು ಸಿಗುವುದು ಅಲ್ಲಿಂದ. ಉಳ್ಳಾಗಡ್ಡಿಗೆ, ಹುಲ್ಲಿಗೆ, ಜೋಳಕ್ಕೆ ಜೋಡಿ ಇಲ್ಲ, ಒಂದೇ ಎಲೆ. ಬಟಾಣಿ, ಕಡಲೆ, ತೊಗರಿಯ ಬೀಜದೆಲೆ ಮಣ್ಣಿನೊಳಗೇ ಉಳಿಯುತ್ತದೆ, ಮೇಲೆ ಕಾಣುವುದು ನೇರವಾಗಿ ನಿಜವಾದ ಎಲೆಯೇ. ಅಲಸಂದಿ, ಅವರೆ, ಬೀನ್ಸ್ ಮಾತ್ರ ಬೀಜದ ಎರಡು ಬೇಳೆಯನ್ನೂ ಹೊತ್ತುಕೊಂಡು ಮೇಲೇಳುತ್ತವೆ. ಅವನ್ನು ಯಾರೂ ತಪ್ಪುವುದಿಲ್ಲ.

ಯಾವ ಬೀಜ ಎಷ್ಟು ದಿನಕ್ಕ ಏಳ್ತಾವ? ಹತ್ತು ದಿನ ಆದ್ರೂ ಮೆಣಸಿನಕಾಯಿ ಕಾಣವಲ್ದು.

ಮೆಣಸಿನಕಾಯಿ 8ರಿಂದ 14 ದಿನ ತೆಗೆದುಕೊಳ್ಳುತ್ತದೆ. ಹತ್ತನೇ ದಿನಕ್ಕೆ ಮಡಿಯಲ್ಲಿ ಎದ್ದು ನಿಂತ ಹಸಿರೆಲ್ಲ ಕಸವೇ ಇರಬಹುದು, ಗಾಬರಿ ಬೇಡ. ಮೂಲಂಗಿ, ಮೆಂತೆ, ರಾಜಗಿರಿ ಎಲ್ಲರಿಗಿಂತ ಮುಂದೆ, 3ರಿಂದ 5 ದಿನ. ಸವತೆ, ಪುಂಡಿ, ಚವಳಿ, ಅಲಸಂದಿ 4ರಿಂದ 7. ರಾತ್ರಿ ನೆನೆಹಾಕಿದ ಬೆಂಡೆಯೂ ಅಷ್ಟೇ. ಹೀರೆ, ಸೋರೆ, ಟೊಮೆಟೊ 5ರಿಂದ 8. ಬದನೆ, ಪಾಲಕ, ಉಳ್ಳಾಗಡ್ಡಿ 6ರಿಂದ 10. ಹಾಗಲ 7ರಿಂದ 12. ಕೊತ್ತಂಬರಿ, ಸಬ್ಬಸಗಿ, ಗಜ್ಜರಿ 8ರಿಂದ 15.

ಡಿಸೆಂಬರ್, ಜನವರಿಯ ರಾತ್ರಿ ಚಳಿಗೆ ಬದನೆ, ಮೆಣಸಿನಕಾಯಿ ಇನ್ನೂ ನಾಲ್ಕೈದು ದಿನ ತಡ. ಬಿತ್ತಿದ ತಾರೀಖನ್ನು ಕಡ್ಡಿಗೆ ಕಟ್ಟಿದ ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದು ಸಾಲಿನ ತಲೆಗೆ ಚುಚ್ಚಿಡಿ, ಪೆನ್ನಿನ ಶಾಯಿ ನೀರಿಗೆ ಹೋಗುತ್ತದೆ. ಮೆಣಸಿನಕಾಯಿ ಬಿತ್ತಿ ನಾಲ್ಕನೇ ದಿನಕ್ಕೆ ಎದ್ದದ್ದು ಮೆಣಸಿನಕಾಯಿ ಅಲ್ಲ ಎಂದು ಹೇಳಲು ಎಲೆಯನ್ನು ನೋಡುವುದೂ ಬೇಡ, ತಾರೀಖು ಸಾಕು.

ಕಸ ಸಣ್ಣದಿದ್ದಾಗಲೇ ತೆಗೀಬೇಕು ಅಂತ ಅಜ್ಜಾರು ಹೇಳ್ತಾರ. ನೀವು ಕಾಯ್ರಿ ಅಂತೀರಿ. ಯಾರ ಮಾತು ಕೇಳಲಿ?

ಇಬ್ಬರದೂ ಸರಿ, ಜಾಗ ಬೇರೆ. ಎರಡು ಸಾಲಿನ ನಡುವೆ ನೀವು ಏನನ್ನೂ ಬಿತ್ತಿಲ್ಲ, ಅಲ್ಲಿ ಎದ್ದದ್ದನ್ನು ಎರಡೆಲೆ ಇದ್ದಾಗಲೇ ಕುರ್ಪಿಯಿಂದ ಹೆರೆದುಬಿಡಿ. ಬಿಸಿಲು ಏರುವ ಮುಂಚೆ ಹೆರೆದರೆ ಮಧ್ಯಾಹ್ನಕ್ಕೆ ಬಾಡಿ ಒಣಗುತ್ತದೆ. ಸಾಲಿನ ಒಳಗೆ ಮಾತ್ರ, ಬೆಳೆಯ ಸಸಿಗೆ ಎರಡು ನಿಜವಾದ ಎಲೆ ಬರುವವರೆಗೆ ಕಾಯಿರಿ. ಬೇಗ ಏಳುವ ಬೀಜಕ್ಕೆ ಅದು ಬಿತ್ತಿದ ಹತ್ತು ಹನ್ನೆರಡು ದಿನ, ಮೆಣಸಿನಕಾಯಿ, ಗಜ್ಜರಿಗೆ ಮೂರು ವಾರ.

ಅದಕ್ಕಿಂತ ಹೆಚ್ಚು ಕಾಯಬಾರದು. ಮೊದಲ ನಾಲ್ಕರಿಂದ ಆರು ವಾರ ಕಸಕ್ಕೆ ಬಿಟ್ಟುಕೊಟ್ಟ ಮಡಿ ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. ಉಳ್ಳಾಗಡ್ಡಿ, ಗಜ್ಜರಿಯಂಥ ಸಪೂರ ಎಲೆಯವಕ್ಕೆ ನೆರಳು ಮಾಡಿ ಕಸವನ್ನು ತುಳಿಯುವ ಶಕ್ತಿಯಿಲ್ಲ.

ಸಾಲು ಮಾಡಲಿಲ್ಲ, ಬೀಜ ಹಂಗ ಚೆಲ್ಲಿಬಿಟ್ಟೀನಿ. ಈಗೇನ್ ಮಾಡೋದು?

ಅದೇ ಬೀಜ ಸ್ವಲ್ಪ ಉಳಿದಿದ್ದರೆ ಇವತ್ತೇ ಎರಡು ಸಣ್ಣ ಡಬ್ಬಿ ತೆಗೆದುಕೊಳ್ಳಿ, ತಳಕ್ಕೆ ತೂತು ಇರಲಿ. ಒಂದರಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಅಥವಾ ತೊಳೆದ ಮರಳು ಹಾಕಿ ಆ ಬೀಜ ಬಿತ್ತಿ. ಇನ್ನೊಂದರಲ್ಲಿ ಮಡಿಯದೇ ಮಣ್ಣು ತುಂಬಿ, ಏನೂ ಬಿತ್ತದೆ ಬರೀ ನೀರು ಕೊಡಿ. ಮೊದಲ ಡಬ್ಬಿಯಲ್ಲಿ ಏಳುವುದು ನಿಮ್ಮ ಬೆಳೆಯ ಮುಖ, ಎರಡನೆಯದರಲ್ಲಿ ಏಳುವುದು ನಿಮ್ಮ ಮಣ್ಣಿನ ಕಸದ ಮುಖ. ಎರಡನ್ನೂ ಮಡಿಯ ಪಕ್ಕ ಇಟ್ಟು ಹೋಲಿಸಿದರೆ ಯಾವ ಪುಸ್ತಕದ ಚಿತ್ರವೂ ಬೇಕಾಗುವುದಿಲ್ಲ. ಸಾಲು ಮಾಡಿದವರೂ ಮೊದಲ ವರ್ಷ ಇದನ್ನು ಮಾಡಲಿ ಎಂಬುದು ನಮ್ಮ ಒತ್ತಾಯ.

ಮುಂದಿನ ಸಲ ಎರಡು ಗೂಟಕ್ಕೆ ಹುರಿ ಕಟ್ಟಿ ಅದರ ಗುಂಟ ಗೀರು ಎಳೆಯಿರಿ. ತಪ್ಪಲ ಪಲ್ಯಕ್ಕೆ ಸಾಲಿಂದ ಸಾಲಿಗೆ 15ರಿಂದ 20 ಸೆಂಟಿಮೀಟರ್ ಸಾಕು, ಕುರ್ಪಿ ಓಡುವಷ್ಟು. ಬೀಜ ಹಾಕಿದ ಗೀರನ್ನು ಎರೆ ಮಣ್ಣಿನಿಂದ ಮುಚ್ಚದೆ ಮರಳಿನಿಂದ ಮುಚ್ಚಿ. ಕಪ್ಪು ನೆಲದ ಮೇಲೆ ಬಿಳಿ ಗೆರೆ ಎದ್ದು ಕಾಣುತ್ತದೆ, ಮರಳಲ್ಲಿ ಕಸದ ಬೀಜ ಕಡಿಮೆ, ಮೇಲ್ಮಣ್ಣು ಹೆಪ್ಪುಗಟ್ಟಿ ಮೊಳಕೆ ಒಳಗೇ ಮುರಿಯುವುದೂ ತಪ್ಪುತ್ತದೆ. ಗಜ್ಜರಿ, ಕೊತ್ತಂಬರಿ ಸಾಲಿಗೆ ಗೇಣಿಗೊಂದು ಮೂಲಂಗಿ ಬೀಜ ಸೇರಿಸಿ. ಅದು ನಾಲ್ಕು ದಿನಕ್ಕೇ ಎದ್ದು ಸಾಲು ಎಲ್ಲಿದೆ ಎಂದು ತೋರಿಸುತ್ತದೆ.

## ಒಂದನ್ನೊಂದು ಹೋಲುವ ಸಸಿಗಳು

ರಾಜಗಿರಿ ಬಿತ್ತಿದ್ದೆ. ಕಾಡು ದಂಟೂ ಅದರೊಳಗ ಎದ್ದೈತಿ. ಹೆಂಗ ಬೇರೆ ಮಾಡಲಿ?

ಬೀಜದೆಲೆಯ ಹಂತದಲ್ಲಿ ಇವೆರಡನ್ನು ಬೇರೆ ಮಾಡಲು ಅನುಭವಿಗಳಿಗೂ ಆಗುವುದಿಲ್ಲ. ಒಂದೇ ಮನೆತನದವು. ಎರಡಕ್ಕೂ ಸಣ್ಣ, ಉದ್ದ, ತೆಳು ಬೀಜದೆಲೆ, ಅಡಿಯಲ್ಲಿ ಕೆನ್ನೇರಳೆ ಛಾಯೆ. ಇಲ್ಲಿ ಸಾಲೊಂದೇ ಆಧಾರ. ಕೆಂಪು ರಾಜಗಿರಿ ಬಿತ್ತಿದ್ದರೆ ಕೆಲಸ ಸುಲಭ, ಹಸಿರಾದದ್ದೆಲ್ಲ ಹೊರಗಿನದು.

ಆರೆಲೆ ಬಂದ ಮೇಲೆ ಬೆರಳಿನಿಂದ ದಂಟಿನ ಗೆಣ್ಣು ಮುಟ್ಟಿ ನೋಡಿ. ಎಲೆ ಹುಟ್ಟುವ ಕಡೆ ಜೋಡಿ ಮುಳ್ಳು ಚುಚ್ಚಿದರೆ ಅದು ಮುಳ್ಳು ದಂಟು, ತೆಗೆಯಿರಿ. ಗೇಣುದ್ದವೂ ಆಗದೆ ತೆನೆ ಬಿಟ್ಟದ್ದು ಕಾಡಿನದು. ನಾಟಿ ತಳಿ ಅಷ್ಟು ಬೇಗ ತೆನೆಗೆ ಹೋಗುವುದಿಲ್ಲ. ಮುಳ್ಳಿಲ್ಲದ ಕಾಡು ದಂಟನ್ನು ಎಳೆಯದಾಗಿದ್ದಾಗ ಕಿತ್ತು ಪಲ್ಯಕ್ಕೆ ಹಾಕುವ ರೂಢಿ ನಮ್ಮಲ್ಲಿ ಮೊದಲಿಂದ ಇದೆ, ಹಾಗಾಗಿ ಇಲ್ಲಿ ತಪ್ಪಾದರೂ ನಷ್ಟ ದೊಡ್ಡದಲ್ಲ. ತೆನೆ ಬಲಿಯಲು ಮಾತ್ರ ಬಿಡಬೇಡಿ, ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ.

ಕೊತ್ತಂಬರಿ ಅಂತ ನೀರು ಹಾಕಿ ಬೆಳೆಸಿದ್ದು ಕಾಂಗ್ರೆಸ್ ಕಸ ಆಗಿತ್ತು. ಗುರುತು ಹಿಡಿಯೋದು ಹೇಗೆ?

ಹೊಸಬರಲ್ಲಿ ಇದು ಬಹಳ ಸಾಮಾನ್ಯ. ಎರಡರ ಎಲೆಯೂ ಸೀಳಾಗಿರುವುದರಿಂದ ಮೂರನೇ ವಾರದಲ್ಲಿ ಮೋಸ ಆಗುತ್ತದೆ. ಅದಕ್ಕೆ ಮೊದಲ ವಾರವೇ ನೋಡಬೇಕು. ಕೊತ್ತಂಬರಿಯ ಬೀಜದೆಲೆ ಉದ್ದ, ಪಟ್ಟಿಯಂತೆ, ಎರಡು ಸೆಂಟಿಮೀಟರ್ ದಾಟುತ್ತದೆ. ಕಾಂಗ್ರೆಸ್ ಕಸದ್ದು ಗುಂಡುಮೊಟ್ಟೆಯ ಆಕಾರ, ಉದ್ದಿನ ಕಾಳಿಗಿಂತ ತುಸು ದೊಡ್ಡದು ಅಷ್ಟೇ. ಕೊತ್ತಂಬರಿಯ ಮೊದಲ ನಿಜವಾದ ಎಲೆ ಉದ್ದನೆಯ ತೊಟ್ಟಿನ ಮೇಲೆ ದುಂಡಗೆ, ಮೂರು ಸೀಳಾಗಿ, ನೆಟ್ಟಗೆ ನಿಲ್ಲುತ್ತದೆ. ಕಾಂಗ್ರೆಸ್ ಕಸ ಎಲೆಗಳನ್ನು ಸುತ್ತಲೂ ಹರಡಿ ನೆಲಕ್ಕೆ ಅಂಟಿಕೊಂಡು ಚಕ್ರದ ಹಾಗೆ ಕೂರುತ್ತದೆ, ಮೈಮೇಲೆ ಸಣ್ಣ ಬಿಳಿ ರೋಮ. ಮೊದಲ ಒಂದೆರಡು ಎಲೆ ಸಾದಾ, ಸೀಳು ಬರುವುದು ಆಮೇಲೆ.

ಕೊತ್ತಂಬರಿಯ ಒಂದು ಎಲೆ ತಿಕ್ಕಿ ಮೂಸಿದರೆ ವಾಸನೆಯೇ ಹೇಳುತ್ತದೆ. ಆದರೆ ಅನುಮಾನ ಇದ್ದ ಸಸಿಯನ್ನು ಬರಿಗೈಯಲ್ಲಿ ತಿಕ್ಕಬೇಡಿ. ಕಾಂಗ್ರೆಸ್ ಕಸ ಹಲವರ ಚರ್ಮಕ್ಕೆ ತುರಿ, ದದ್ದು ತರುತ್ತದೆ, ಹೂವಿನ ಧೂಳಿಗೆ ಉಬ್ಬಸದವರು ಕಷ್ಟಪಡುತ್ತಾರೆ. ಕೈಗವಸು ಅಥವಾ ಪ್ಲಾಸ್ಟಿಕ್ ಚೀಲ ಕೈಗೆ ಹಾಕಿ, ಹೂ ಬಿಡುವ ಮುಂಚೆ, ನೆಲ ಹಸಿ ಇದ್ದಾಗ ಬೇರುಸಹಿತ ಎತ್ತಿ. ಮೇಲಿನಿಂದ ಕೊಯ್ದರೆ ಬುಡದಿಂದ ಮತ್ತೆ ಒಡೆಯುತ್ತದೆ. ದನಕ್ಕೂ ಹಾಕಬೇಡಿ.

ಗಜ್ಜರಿ, ಸಬ್ಬಸಗಿ ಬಗ್ಗೆ ಇದೇ ಭಯ ಇರುವವರಿಗೆ: ಇವುಗಳ ಬೀಜದೆಲೆ ದಾರದಷ್ಟು ಸಪೂರ. ಅಷ್ಟು ಸಪೂರ ಜೋಡಿ ಕಾಂಗ್ರೆಸ್ ಕಸಕ್ಕೆ ಎಂದೂ ಇಲ್ಲ.

ಟೊಮೆಟೊ, ಬದನೆ, ಮೆಣಸಿನಕಾಯಿ ಮೂರೂ ಒಂದೇ ಟ್ರೇದಾಗ ಹಾಕೀನಿ, ಚೀಟಿ ಹಾರಿಹೋತು. ನಡುವ ಗಣಿಕೆ ಸೊಪ್ಪೂ ಎದ್ದಂಗ ಕಾಣ್ತೈತಿ.

ಮೊದಲು ದಂಟು ನೋಡಿ. ಬೆಳಕಿಗೆ ಅಡ್ಡ ಹಿಡಿದಾಗ ಟೊಮೆಟೊ ದಂಟಿನ ತುಂಬ ನವಿರು ರೋಮ ಕಾಣುತ್ತದೆ, ಎಲೆಯನ್ನು ಮೆಲ್ಲಗೆ ಮುಟ್ಟಿ ಬೆರಳು ಮೂಸಿದರೆ ಟೊಮೆಟೊ ಗಿಡದ ಘಾಟು. ಮೆಣಸಿನಕಾಯಿ ದಂಟು ಬೋಳು, ಎಲೆ ಎಣ್ಣೆ ಸವರಿದಂತೆ ಮಿಂಚುತ್ತದೆ, ಬೀಜದೆಲೆಯ ತುದಿ ಚೂಪು, ವಾಸನೆ ಇಲ್ಲ. ಬದನೆಯ ಬೀಜದೆಲೆ ತುಸು ಅಗಲ. ನಿಜವಾದ ಎಲೆ ಬಂದಾಗ ಬೂದು ಬಣ್ಣದ ಧೂಳು ಕೂತಂತೆ ಒರಟು, ಅಂಚು ಅಲೆ ಅಲೆ, ಕೆಲವು ತಳಿಗಳ ದಂಟು ನೇರಳೆ. ಟೊಮೆಟೊಕ್ಕೆ ಮೊದಲ ನಿಜವಾದ ಎಲೆಯೇ ಸೀಳು, ಮೆಣಸಿನಕಾಯಿಗೆ ಎಂದೂ ಸೀಳಿಲ್ಲ.

ಗಣಿಕೆಯ ಬೀಜದೆಲೆ ಬಹಳ ಚಿಕ್ಕದು, ಒಂದು ಸೆಂಟಿಮೀಟರ್ ಒಳಗೆ. ಟೊಮೆಟೊದ್ದು ಅದರ ಎರಡರಷ್ಟು. ಗುಪ್ಪಟೆ ಗಿಡವೂ ಹಾಗೆಯೇ ಚಿಕ್ಕದು. ಇನ್ನೊಂದು ಕಡೆ, ಟೊಮೆಟೊಗಿಂತ ದೊಡ್ಡದಾಗಿ, ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಬೀಜದೆಲೆ ಕಂಡು, ತಿಕ್ಕಿದರೆ ಕೆಟ್ಟ ವಾಸನೆ ಬಂದರೆ ಅದು ಮದಗುಣಕಿ, ಅಂದರೆ ಉಮ್ಮತ್ತಿ. ಇಡೀ ಗಿಡ ವಿಷ. ಹಿತ್ತಲಲ್ಲಿ ಮಕ್ಕಳು ಆಡುವ ಮನೆಯಲ್ಲಿ ಇದನ್ನು ಗುರುತಿಸಲು ಕಲಿಯುವುದು ಬೆಳೆ ಗುರುತಿಸುವುದಕ್ಕಿಂತ ಮುಖ್ಯ. ಕಿತ್ತು ಕೈ ತೊಳೆದುಕೊಳ್ಳಿ.

ಬೆಂಡಿ ಸಾಲಿನೊಳಗ ಅಗಲ ಎಲಿ ಸಸಿ ಎರಡು ಮೂರು ನಮೂನಿ ಅದಾವ. ಎಲ್ಲಾ ಬೆಂಡಿನ?

ಬೆಂಡೆ, ಪುಂಡಿ, ಹತ್ತಿ, ಶ್ರೀಮುದ್ರೆ ನಾಲ್ಕೂ ಒಂದೇ ಕುಲ. ರಾಯಚೂರು ಕಡೆಯ ಹಿತ್ತಲಲ್ಲಿ ಹತ್ತಿ ಸಸಿ ತಾನಾಗಿ ಏಳುವುದು ಹೊಸದಲ್ಲ. ಹತ್ತಿಕಾಳು ದನದ ಮೇವಿನಿಂದ ಚೆಲ್ಲಿರುತ್ತದೆ, ಉರುವಲಿಗೆ ತಂದ ಹತ್ತಿ ಕಟ್ಟಿಗೆಯಿಂದ ಉದುರಿರುತ್ತದೆ. ಹತ್ತಿಯ ಬೀಜದೆಲೆ ಅಗಲವಾಗಿ ಮೂತ್ರಪಿಂಡದ ಆಕಾರ. ಬೆಳಕಿಗೆ ಹಿಡಿದರೆ ಎಲೆ ತುಂಬ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ, ದಂಟಿನ ಮೇಲೂ ಚುಕ್ಕೆ. ಬೆಂಡೆಗೆ ಆ ಚುಕ್ಕೆ ಇಲ್ಲ. ಬೆಂಡೆಯ ಬೀಜದೆಲೆ ಎರಡು ಮೂರು ಸೆಂಟಿಮೀಟರ್, ದುಂಡಗೆ. ಮೊದಲ ನಿಜವಾದ ಎಲೆ ದುಂಡು, ಅಂಚಿಗೆ ಹಲ್ಲು, ಮುಟ್ಟಿದರೆ ಒರಟು.

ಶ್ರೀಮುದ್ರೆಯದು ಅರ್ಧದಷ್ಟು ಚಿಕ್ಕ, ಹೃದಯದ ಆಕಾರ, ಮಖಮಲ್ಲಿನ ಹಾಗೆ ಮೆತ್ತಗೆ. ಪುಂಡಿಯ ದಂಟು ಬೇಗ ಕೆಂಪಾಗುತ್ತದೆ, ನಿಜವಾದ ಎಲೆಯ ಚೂರು ಹಲ್ಲಿಗೆ ತಾಕಿಸಿದರೆ ಹುಳಿ.

ಸವತಿ, ಹೀರಿ, ಕುಂಬಳ ಬಳ್ಳಿ ಸಸಿಗಳನ್ನ ಕಾಡು ಮೆಕ್ಕೆಯಿಂದ ಬೇರೆ ಮಾಡೋದು?

ಬುಡದ ಮಣ್ಣನ್ನು ಕಡ್ಡಿಯಿಂದ ಒಂದು ಸೆಂಟಿಮೀಟರ್ ಕೆದಕಿ. ಬಳ್ಳಿ ಜಾತಿಯ ಬೀಜದ ಸಿಪ್ಪೆ ಅಲ್ಲೇ ಬಿದ್ದಿರುತ್ತದೆ, ಕೆಲವು ಸಲ ಎಲೆಯ ತುದಿಗೆ ಟೊಪ್ಪಿಗೆಯಂತೆ ಸಿಕ್ಕಿಕೊಂಡಿರುತ್ತದೆ. ಅದನ್ನು ಪಾಕೀಟಿನ ಬೀಜದ ಪಕ್ಕ ಇಡಿ. ಅಂಗಡಿಯ ಬೀಜಕ್ಕೆ ಔಷಧಿ ಲೇಪಿಸಿದ್ದರೆ ಸಿಪ್ಪೆಯ ಮೇಲೆ ಗುಲಾಬಿ ಅಥವಾ ಹಸಿರು ಬಣ್ಣ ಇನ್ನೂ ಉಳಿದಿರುತ್ತದೆ. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಆ ಬಣ್ಣದ ಬೀಜವನ್ನು ಮುಟ್ಟಿದ ಕೈ ಮಾತ್ರ ತೊಳೆಯಿರಿ.

ಗಾತ್ರವೂ ಹೇಳುತ್ತದೆ. ಕುಂಬಳದ ಬೀಜದೆಲೆ ಹೆಬ್ಬೆರಳಿನಷ್ಟು ದೊಡ್ಡದು, ಸವತೆಯದು ಎರಡು ಮೂರು ಸೆಂಟಿಮೀಟರ್, ಕಾಡು ಮೆಕ್ಕೆಯದು ಅದಕ್ಕಿಂತ ಚಿಕ್ಕದು. ತಪ್ಪಿ ಬೆಳೆದು ಕಾಯಿ ಬಿಟ್ಟು, ಆ ಕಾಯಿ ನಾಲಿಗೆಗೆ ಕಡುಕಹಿ ಎನಿಸಿದರೆ ಉಗುಳಿಬಿಡಿ, ಅಡುಗೆಗೆ ಬೇಡ. ಹಾಗಲವನ್ನು ಬಿಟ್ಟು ಈ ಕುಲದ ಯಾವ ಕಾಯಿ ಕಹಿಯಾದರೂ ಹೊಟ್ಟೆ ಕೆಡಿಸುತ್ತದೆ.

ಉಳ್ಳಾಗಡ್ಡಿ ಮಡಿಯೊಳಗ ಹುಲ್ಲು ಯಾವುದು, ಉಳ್ಳಾಗಡ್ಡಿ ಯಾವುದು?

ಉಳ್ಳಾಗಡ್ಡಿ ನೆಲದಿಂದ ಕೊಕ್ಕೆಯಂತೆ ಬಾಗಿ ಏಳುತ್ತದೆ. ಬಾಗಿದ ಭಾಗ ಮೊದಲು ಹೊರಬಂದು, ತುದಿಗೆ ಕಪ್ಪು ಸಿಪ್ಪೆ ಹೊತ್ತುಕೊಂಡು ಆಮೇಲೆ ನೆಟ್ಟಗಾಗುತ್ತದೆ. ಎರಡು ಬೆರಳ ನಡುವೆ ಹೊರಳಿಸಿದರೆ ದುಂಡು. ಹುಲ್ಲು ಮೊದಲ ದಿನದಿಂದಲೇ ನೇರ, ಎಲೆ ಚಪ್ಪಟೆ. ಜೇಕು ಎಂಬ ಹುಲ್ಲಿನಂಥ ಗಡ್ಡೆ ಕಸದ ಎಲೆ ಹೊಳಪಾಗಿ, ನಡುವೆ ಗೀರು ಬಿದ್ದು, ಬುಡದಿಂದ ಮೂರು ದಿಕ್ಕಿಗೆ ಹೊರಡುತ್ತದೆ. ಒಂದನ್ನು ಚಿವುಟಿ ಮೂಸಿದರೂ ಆಯಿತು.

ಗೋಣಿ ಸೊಪ್ಪು ಅಂತ ಒಂದು ಕಿತ್ತೀನಿ, ಪಕ್ಕದ ಮನಿ ಅಕ್ಕಾರು ಇದು ಗೋಣಿ ಅಲ್ಲ ಅಂದ್ರು.

ಅಕ್ಕನವರು ಹೇಳಿದ್ದು ಸರಿಯಿರಬಹುದು. ನೆಲಕ್ಕೆ ಹಬ್ಬುವ, ದಪ್ಪೆಲೆಯ ಎರಡು ಗಿಡ ಮುಂಗಾರಿನಲ್ಲಿ ಒಟ್ಟಿಗೇ ಏಳುತ್ತವೆ. ಗೋಣಿಯ ಎಲೆ ತುದಿಯಲ್ಲಿ ಅಗಲ, ಬುಡದಲ್ಲಿ ಕಿರಿದು, ಎಲ್ಲ ಎಲೆಯೂ ಹತ್ತಿರ ಹತ್ತಿರ ಒಂದೇ ಗಾತ್ರ, ಹೂ ಹಳದಿ. ಮುಚ್ಚುಗೋಣಿಯ ಎಲೆ ಹೆಚ್ಚು ದುಂಡು, ಎದುರುಬದುರಾದ ಜೋಡಿಯಲ್ಲಿ ಒಂದು ದೊಡ್ಡದು ಒಂದು ಚಿಕ್ಕದು, ಎಲೆಯ ತೊಟ್ಟಿನ ಬುಡದಲ್ಲಿ ತೆಳು ಪೊರೆ, ಹೂ ಬಿಳಿ ಅಥವಾ ನಸುಗುಲಾಬಿ. ಮನೆಯಲ್ಲಿ ಪಲ್ಯ, ಬೇಳೆಗೆ ಹಾಕುವುದು ಮೊದಲನೆಯದು.

ಮುರಿದಾಗ ಹಾಲು ಬರುವ ಚಪ್ಪಟೆ ಬಳ್ಳಿ ಇವೆರಡೂ ಅಲ್ಲ, ಅದನ್ನು ತಿನ್ನಬೇಡಿ. ಗೋಣಿಯನ್ನು ಕಿತ್ತು ಹಸಿ ಮಡಿಯ ಮೇಲೆ ಬಿಟ್ಟರೆ ತುಂಡಿನಿಂದಲೇ ಬೇರು ಬಿಡುತ್ತದೆ, ಹೊರಗೆ ಹಾಕಬೇಕು.

ಮೆಂತೆ ಮೊದಲು ಒಂದೇ ಎಲೆ ಬಿಟ್ಟಿದೆ, ಮೂರೆಲೆ ಇಲ್ಲ. ಬೀಜ ಕೆಟ್ಟದ್ದಾ?

ಅಲ್ಲ. ಮೆಂತೆಯ ಮೊದಲ ನಿಜವಾದ ಎಲೆ ಒಂಟಿ, ದುಂಡು. ಎರಡನೆಯದರಿಂದ ಮೂರೆಲೆ ಶುರು.

## ಮಣ್ಣು, ಗೊಬ್ಬರ, ನೀರು

ಕುರಿಗೊಬ್ಬರ ಹಾಕಿದ ಮೇಲೆ ಹುಣಸಿಯಂಥ ಎಲಿ ಇರೋ ಸಸಿ ರಾಶಿ ಎದ್ದಾವ. ಇದೇನು?

ಬಳ್ಳಾರಿ ಜಾಲಿ. ಕುರಿ, ಮೇಕೆ, ದನ ಅದರ ಸಿಹಿ ಕಾಯಿ ತಿನ್ನುತ್ತವೆ, ಗಟ್ಟಿ ಬೀಜ ಅರಗದೆ ಹಿಕ್ಕೆಯ ಜೊತೆ ಹೊರಬೀಳುತ್ತದೆ. ಹೊಟ್ಟೆಯೊಳಗೆ ಹಾದು ಬಂದದ್ದರಿಂದ ಮೊಳಕೆ ಇನ್ನೂ ಸಲೀಸು. ಎರಡು ದಪ್ಪ ಮೊಟ್ಟೆಯಾಕಾರದ ಬೀಜದೆಲೆ, ಅದರ ಮೇಲೆ ಗರಿಯಂತೆ ಸಣ್ಣ ಸಣ್ಣ ಎಲೆ ಜೋಡಿಸಿದ ಮೊದಲ ಎಲೆ. ಹಿತ್ತಲಲ್ಲಿ ಇದನ್ನು ಹೋಲುವ ತರಕಾರಿ ಸಸಿ ನುಗ್ಗೆ, ಚೊಗಚೆ ಅಷ್ಟೇ. ನುಗ್ಗೆಯ ಎಲೆ ದುಂಡು ದುಂಡು, ಅದರ ಬೀಜ ಮಣ್ಣಲ್ಲೇ ಉಳಿಯುತ್ತದೆ.

ಜಾಲಿಯನ್ನು ಎರಡೆಲೆ ಇದ್ದಾಗ ಬೆರಳಲ್ಲಿ ಎಳೆದರೆ ಬರುತ್ತದೆ. ಗೇಣುದ್ದ ಆದಾಗ ಬೇರು ಅದಕ್ಕಿಂತ ಆಳಕ್ಕೆ ಇಳಿದಿರುತ್ತದೆ, ಎಳೆದರೆ ಬುಡದಲ್ಲಿ ತುಂಡಾಗಿ ಮತ್ತೆ ಚಿಗುರುತ್ತದೆ. ಆಗ ನೀರು ಕೊಟ್ಟು, ಬೀಜದೆಲೆ ಇದ್ದ ಗೆಣ್ಣಿಗಿಂತ ಕೆಳಗೆ, ಮಣ್ಣಿನೊಳಗೆ ಕುರ್ಪಿ ಇಳಿಸಿ ಕತ್ತರಿಸಿ.

ಮುಂದೆ ಗೊಬ್ಬರವನ್ನು ಹಸಿಯಾಗಿ ತರಬೇಡಿ. ತಿಪ್ಪೆಯಲ್ಲಿ ಕನಿಷ್ಠ ಮೂರು ತಿಂಗಳು ಕಳಿಯಲಿ, ಹದವಾಗಿ ನೀರು ಚಿಮುಕಿಸಿ ತಿಂಗಳಿಗೊಮ್ಮೆ ಹೊರಗಿನದನ್ನು ಒಳಕ್ಕೆ ತಿರುಗಿಸಿ. ರಾಶಿಯ ಒಳಗೆ ಕೈ ಇಡಲಾಗದಷ್ಟು, 55ರಿಂದ 60 ಡಿಗ್ರಿ ಕಾವು ಕೆಲವು ದಿನ ನಿಂತರೆ ಹೆಚ್ಚಿನ ಕಸದ ಬೀಜ ಸಾಯುತ್ತದೆ. ತಿರುಗಿಸದ ತಿಪ್ಪೆಯ ಅಂಚಿನಲ್ಲಿ ಆ ಕಾವು ಬರುವುದಿಲ್ಲ.

ಬಿತ್ತುವ ಮುಂಚೆಯೇ ಕಸ ಕಡಿಮೆ ಮಾಡಲು ಸಾಧ್ಯವೆ?

ಸಾಧ್ಯ, ಹೊಸಬರಿಗೆ ಇದರಷ್ಟು ಉಪಯೋಗದ ಕೆಲಸ ಬೇರೆ ಇಲ್ಲ. ಮಡಿ ಪೂರ್ತಿ ಸಿದ್ಧಮಾಡಿ, ಗೊಬ್ಬರ ಬೆರೆಸಿ, ಬೀಜ ಹಾಕದೆ ನೀರು ಕೊಡಿ. ಹತ್ತು ಹನ್ನೆರಡು ದಿನ ಹದ ಕಾಯ್ದುಕೊಳ್ಳಿ. ಮೇಲ್ಪದರದ ಕಸದ ಬೀಜ ಏಳುತ್ತದೆ. ಬಿಸಿಲಿನ ದಿನ ಬೆಳಿಗ್ಗೆ ಎರಡು ಸೆಂಟಿಮೀಟರ್ ಮಾತ್ರ ಹೆರೆದು ಅವನ್ನು ಒಣಗಿಸಿ, ಮರುದಿನ ಬಿತ್ತಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಹೆರೆಯುವ ಬದಲು ಮತ್ತೆ ಗುದ್ದಲಿ ಹಾಕಿ ಅಗೆಯುವುದು. ಕೆಳಗೆ ಮಲಗಿದ್ದ ಬೀಜ ಮೇಲೆ ಬಂದು, ಮಾಡಿದ ಕೆಲಸವೆಲ್ಲ ವ್ಯರ್ಥವಾಗುತ್ತದೆ.

ಏಪ್ರಿಲ್, ಮೇ ಬಿಸಿಲು ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಅದನ್ನೂ ದುಡಿಸಿಕೊಳ್ಳಬಹುದು. ಸಮ ಮಾಡಿದ ಮಡಿಗೆ ನೀರು ಹಾಯಿಸಿ, 25ರಿಂದ 50 ಮೈಕ್ರಾನಿನ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ನೆಲಕ್ಕೆ ತಾಗುವಂತೆ ಬಿಗಿದು, ಅಂಚನ್ನು ಮಣ್ಣಿನಲ್ಲಿ ಹೂತು, ನಾಲ್ಕರಿಂದ ಆರು ವಾರ ಬಿಡಿ. ಕಪ್ಪು ಹಾಳೆ ಈ ಕೆಲಸಕ್ಕೆ ಅಷ್ಟು ಕಾವು ಕೊಡುವುದಿಲ್ಲ. ಒಣ ಮಣ್ಣಿನ ಮೇಲೆ ಹೊದಿಸಿದರೂ ಫಲ ಕಡಿಮೆ, ಹಸಿಯೇ ಕಾವನ್ನು ಕೆಳಕ್ಕೆ ಒಯ್ಯುವುದು.

ಕಾಲುವಿ ನೀರು ಹಾಯಿಸಿದಾಗೆಲ್ಲ ಹೊಸ ಕಸ ಬರ್ತೈತಿ, ಖರೆ ಏನು?

ಖರೆ. ತುಂಗಭದ್ರಾ ಕಾಲುವೆಯ ದಂಡೆಯ ಗಿಡಗಳ ಬೀಜ ನೀರಿನ ಮೇಲೆ ತೇಲಿ ಬರುತ್ತದೆ. ನೀರು ಮಡಿಗೆ ಇಳಿಯುವ ಬಾಯಿಗೆ ಹಳೆಯ ಸೊಳ್ಳೆಪರದೆಯನ್ನು ಎರಡು ಮಡಿಕೆ ಕಟ್ಟಿದರೆ ಬಹಳಷ್ಟು ನಿಲ್ಲುತ್ತದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಮಡಿಗೆ ಹೊದಿಸುವ ಭತ್ತದ ಹುಲ್ಲಿನಲ್ಲಿ ಉಳಿದ ಕಾಳೂ ಮೊಳೆಯುತ್ತದೆ. ಹೊದಿಸುವ ಮುಂಚೆ ಚೆನ್ನಾಗಿ ಬಡಿದು ಕೊಡವಿ.

ಕಸ ಕಿತ್ತರೆ ಪಕ್ಕದ ಸಸಿಯೂ ಎದ್ದು ಬರ್ತೈತಿ.

ಎರೆ ಮಣ್ಣು ಒಣಗಿದಾಗ ಹೆಂಟೆಯಾಗಿ ಒಟ್ಟಿಗೆ ಏಳುತ್ತದೆ, ತೀರ ಹಸಿಯಿದ್ದಾಗ ಕಾಲಿಗೆ ಮೆತ್ತಿ ನೆಲ ಗಟ್ಟಿಯಾಗುತ್ತದೆ. ನೀರು ಕೊಟ್ಟ ಎರಡು ಮೂರು ದಿನಕ್ಕೆ ಅದರ ಹದ. ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ಮರುದಿನವೇ ಸರಿ. ಎಡಗೈಯ ಎರಡು ಬೆರಳಿಂದ ಬೆಳೆಯ ಬುಡ ಒತ್ತಿ ಹಿಡಿದು ಬಲಗೈಯಿಂದ ಕಸವನ್ನು ಓರೆಯಾಗಿ ಎಳೆಯಿರಿ. ಎರಡು ಸೆಂಟಿಮೀಟರ್‌ಗಿಂತ ಹತ್ತಿರ ಇದ್ದರೆ ಕೀಳಲೇಬೇಡಿ, ಕತ್ತರಿಯಿಂದ ನೆಲಮಟ್ಟಕ್ಕೆ ಕತ್ತರಿಸಿ. ಕೆಲಸ ಮುಗಿದ ಮೇಲೆ ಝಾರಿಯಿಂದ ನೀರು ಚಿಮುಕಿಸಿದರೆ ಅಲುಗಾಡಿದ ಬೇರು ಮತ್ತೆ ಮಣ್ಣು ಹಿಡಿಯುತ್ತದೆ.

## ಸ್ವಲ್ಪ ಕೈ ಕುದುರಿದವರಿಗೆ

ಜೇಕು ಎಷ್ಟು ಕಿತ್ತರೂ ವಾರಕ್ಕೆ ಮತ್ತೆ ಬರುತ್ತೆ. ಬೀಜದಿಂದಲಾ?

ಬೀಜದಿಂದಲ್ಲ, ಗಡ್ಡೆಯಿಂದ. ಎಳೆದಾಗ ಮೇಲಿನ ಎಲೆ ಕೈಗೆ ಬಂದು, ಕೊರಳು ಹರಿದು, ಗಡ್ಡೆ ಒಳಗೇ ಉಳಿಯುತ್ತದೆ. ಒಂದು ಗಡ್ಡೆ ಬೇರಿನ ಸರಪಳಿಯಿಂದ ಹಲವು ಗಡ್ಡೆ ಕಟ್ಟುತ್ತದೆ. ಸಣ್ಣ ಮಡಿಯಾದರೆ 15ರಿಂದ 20 ಸೆಂಟಿಮೀಟರ್ ಆಳಕ್ಕೆ ಅಗೆದು ಮಣ್ಣನ್ನು ಜರಡಿ ಹಿಡಿದು ಗಡ್ಡೆ ಆರಿಸಿ. ದೊಡ್ಡ ಜಾಗದಲ್ಲಿ ಎರಡು ವಾರಕ್ಕೊಮ್ಮೆ ತಪ್ಪದೆ ತೆಗೆಯುತ್ತ ಹೋದರೆ ಗಡ್ಡೆಯ ದಾಸ್ತಾನು ಕರಗುತ್ತದೆ. ನಡುವೆ ಒಂದು ತಿಂಗಳು ಬಿಟ್ಟರೆ ಮತ್ತೆ ಮೊದಲಿನ ಲೆಕ್ಕಕ್ಕೆ ಬರುತ್ತದೆ. ಬಿಸಿಲಿಗೆ ಪ್ಲಾಸ್ಟಿಕ್ ಹೊದಿಸುವ ಉಪಾಯ ಇದರ ಮೇಲೆ ಪೂರ್ತಿ ನಡೆಯುವುದಿಲ್ಲ. ಕರಿಕೆಗೂ ಹೀಗೇ, ಅದರ ತುಂಡನ್ನು ಮಡಿಯಲ್ಲಿ ಬಿಡಬಾರದು.

ಕಿತ್ತ ಕಸ ಆಡಿಗೆ, ಎಮ್ಮಿಗೆ ಹಾಕಬಹುದಾ?

ಆರಿಸಿ ಹಾಕಿ. ದಂಟು, ಹುಲ್ಲು, ಕರಿಕೆ ಸರಿ. ಕಾಂಗ್ರೆಸ್ ಕಸ, ಮದಗುಣಕಿ ಬೇಡ. ಉದುರಿದ ಕಾಳಿನಿಂದ ಎದ್ದ ಎಳೆ ಜೋಳದ ಸಸಿಯೂ ಬೇಡ, ಅದರಲ್ಲಿ ದನವನ್ನು ಕೊಲ್ಲುವಷ್ಟು ವಿಷ ಇರಬಲ್ಲದು. ನೀರಿನ ಕೊರತೆಯಿಂದ ಬಾಡಿದ ಎಳೆಯದು ಇನ್ನೂ ಅಪಾಯ.

ಗೊಬ್ಬರದ ಗುಂಡಿಯಿಂದ ತಾನಾಗಿ ಎದ್ದ ಟೊಮೆಟೊ, ಕುಂಬಳ ಇಟ್ಟುಕೊಳ್ಳಲಾ?

ಜಾಗ ಇದ್ದರೆ ಇಟ್ಟುಕೊಳ್ಳಿ. ಆದರೆ ಮಾರುಕಟ್ಟೆಯ ಟೊಮೆಟೊ ಹೆಚ್ಚಾಗಿ ಹೈಬ್ರಿಡ್, ಅದರ ಬೀಜದಿಂದ ಅಂಥದೇ ಹಣ್ಣು ಬರುವುದಿಲ್ಲ, ಚಿಕ್ಕದೋ ಹುಳಿಯೋ ಆಗಬಹುದು. ಬಿತ್ತಿದ ಸಾಲಿನೊಳಗೆ ಎದ್ದಿದ್ದರೆ ಅದೂ ಕಸವೇ.

ಟೊಮೆಟೊ ಸಸಿ ಅಂತಲೇ ನೆಟ್ಟದ್ದು, ಈಗ ಹೊಸ ಎಲೆ ದಾರದಂತೆ ಸಪೂರ, ಸುರುಳಿ. ಬೇರೆ ಗಿಡ ಬಂತಾ?

ಗಿಡ ಅದೇ, ಆಕಾರ ಕೆಟ್ಟಿದೆ. ಪಕ್ಕದಲ್ಲಿ ಭತ್ತದ ಗದ್ದೆ ಇದೆಯೇ ನೋಡಿ. ಅಗಲೆಲೆ ಕಸಕ್ಕೆ ಹೊಡೆಯುವ 2,4-ಡಿ ಕಳೆನಾಶಕ ಗಾಳಿಯಲ್ಲಿ ತೇಲಿ ಬಂದರೆ ಟೊಮೆಟೊ, ಮೆಣಸಿನಕಾಯಿ, ಹತ್ತಿ, ಬಳ್ಳಿಗಳ ಚಿಗುರು ಹೀಗಾಗುತ್ತದೆ. ಎಲೆ ಮುಟುರು ರೋಗಕ್ಕೂ ಇದಕ್ಕೂ ವ್ಯತ್ಯಾಸ ಉಂಟು: ರೋಗ ಅಲ್ಲೊಂದು ಇಲ್ಲೊಂದು ಗಿಡಕ್ಕೆ ಬಂದು ಹರಡುತ್ತದೆ. ಕಳೆನಾಶಕ ತಾಗಿದರೆ ಗದ್ದೆಯ ಕಡೆಯ ಎಲ್ಲ ಅಗಲೆಲೆ ಗಿಡಕ್ಕೂ, ಅಲ್ಲಿರುವ ಕಸಕ್ಕೂ, ಒಂದೇ ವಾರದಲ್ಲಿ ಕಾಣುತ್ತದೆ, ಹುಲ್ಲಿಗೆ ಮಾತ್ರ ಏನೂ ಆಗಿರುವುದಿಲ್ಲ. ಸ್ವಲ್ಪವೇ ತಾಗಿದ್ದರೆ ಎರಡು ಮೂರು ವಾರದಲ್ಲಿ ಸರಿಯಾದ ಚಿಗುರು ಬರುತ್ತದೆ. ಕಳೆನಾಶಕ ಹೊಡೆದ ಪಂಪನ್ನು, ಎಷ್ಟೇ ತೊಳೆದಿದ್ದರೂ, ಕಾಯಿಪಲ್ಯಕ್ಕೆ ಬಳಸಬೇಡಿ.

ಫೋನಿನಲ್ಲಿ ಫೋಟೊ ತೆಗೆದರೆ ಹೆಸರು ಹೇಳುವ ಆ್ಯಪ್ ನಂಬಬಹುದೇ?

ಹೂ ಬಿಟ್ಟ ಗಿಡಕ್ಕೆ ಚೆನ್ನಾಗಿ ಹೇಳುತ್ತವೆ, ಬೀಜದೆಲೆಗೆ ಬಹಳ ಸಲ ತಪ್ಪುತ್ತವೆ. ತಿನ್ನುವುದನ್ನು ಅದರ ಮಾತಿನ ಮೇಲೆ ನಿರ್ಧರಿಸಬೇಡಿ. ಫೋನಿನ ನಿಜವಾದ ಉಪಯೋಗ ಬೇರೆ: ಮೂರು ದಿನಕ್ಕೊಮ್ಮೆ ಒಂದೇ ಜಾಗದಿಂದ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, ಬೀಜದ ಹೆಸರು ಬರೆದ ಚೀಟಿಯೂ ಕಾಣುವಂತೆ ಫೋಟೊ ತೆಗೆದಿಡಿ. ಹೆಸರು ಗೊತ್ತಿಲ್ಲದ ಸಸಿ ಒಂದೆರಡನ್ನು ಮಡಿಯ ಮೂಲೆಯಲ್ಲಿ ಕಡ್ಡಿ ಚುಚ್ಚಿ ಬೆಳೆಯಲು ಬಿಟ್ಟು, ಅದರದ್ದೂ ಫೋಟೊ ಇರಲಿ. ಹೂ ಕಂಡ ದಿನ ಹೆಸರು ಗೊತ್ತಾಗುತ್ತದೆ, ಬೀಜ ಕಟ್ಟುವ ಮುಂಚೆ ಕಿತ್ತುಹಾಕಿ. ಮುಂದಿನ ಮುಂಗಾರಿಗೆ ಅದೇ ಎರಡೆಲೆ ಮಡಿಯಲ್ಲಿ ಎದ್ದಾಗ ಹೋಲಿಸಲು ನಿಮ್ಮದೇ ಹಿತ್ತಲಿನ ಚಿತ್ರ ಕೈಯಲ್ಲಿರುತ್ತದೆ.